ಮೊದಲ ಲೇಖಕನ ಒಪ್ಪಿಗೆ

ಹೋದ ಸಲ ಅನುಜಾಳ ಬಡ್ತಿ ತಪ್ಪಿದ್ದು ಪ್ರಿಂಟಿನಿಂದ. ದ್ರಾಕ್ಷಿ ತೋಟದ ಪಡದಲ್ಲಿ ಕೀಟನಾಶಕದ ಎಣ್ಣೆ ಸಿಂಪಡಿಸುವವರ ತ್ರಾಸನ್ನು ಅವರ ಬಾಯಿಂದಲೇ ಹೇಳಿಸಿ, ವೈದ್ಯ ವಿದ್ಯಾರ್ಥಿಗಳಿಗಾಗಿ ಮಾಡಿದ ಹದಿನಾಲ್ಕು ವಿಡಿಯೋ ಪಾಠ ಆಕೆ ಒಪ್ಪಿಸಿದ ಕೆಲಸ. ಪರಿಣತರು ಪರಿಶೀಲಿಸಿ, ವೈದ್ಯಕೀಯ ಪತ್ರಿಕೆಯೊಂದು ತನ್ನ ಜಾಲತಾಣದಲ್ಲಿ ಪ್ರಕಟಿಸಿದ್ದು. ಕಾಲೇಜಿನ ಸಮಿತಿ ಮಾತ್ರ ಕಾಗದದ ಪ್ರತಿಯೇ ಬೇಕೆಂದಿತು. ಆಕೆ ಪುಟಗಳನ್ನೆಲ್ಲ ಪ್ರಿಂಟು ತೆಗೆಸಿ ಸ್ಪೈರಲ್ ಹಾಕಿಸಿದಳು. ವಿಡಿಯೋ ಇದ್ದಲ್ಲೆಲ್ಲ ಕರಿ ಚೌಕ ಬಿದ್ದಿತ್ತು. "ಏನವಾ, ಎಕ್ಸ್‌ರೇ ತಂದೀಯೇನು?" ಅಂದಿದ್ದರು ಅಧ್ಯಕ್ಷರು. ಎಲ್ಲರೂ ನಕ್ಕರು, ಆಕೆಯೂ ನಕ್ಕಳು.

ಈ ಸಲ ನಿಯಮ ಬದಲಾಗಿತ್ತು. ಜಾಲದ ಪಾಠಕ್ಕೂ ಪ್ರಬಂಧದಷ್ಟೇ ಬೆಲೆ. ಆದರೆ ಮೊದಲ ಲೇಖಕರಿಗೆ ಮಾತ್ರ.

"ಮೊದಲನೇ ಹೆಸರು ಸಾಹೇಬ್ರದೈತಲ್ರಿ ಮೇಡಂ," ಅಂದರು ಆಫೀಸಿನ ಇಸಾಕ.

ಸಾಹೇಬರೆಂದರೆ ಅನುಜಾಳ ಗಂಡ ಸುಶೀಲೇಂದ್ರ, ತಿಕೋಟಾದಲ್ಲಿ ಡಾಕ್ಟರಾಗಿದ್ದವ. ಘೋಣಸಗಿ, ನಿಡೋಣಿ ಅಂತ ಊರೂರಿನ ಪಡ ತಿರುಗಿ ಮೊದಲ ಏಳು ಪಾಠ ಮಾಡಿದ್ದ. ಮೂರು ವರ್ಷದ ಹಿಂದೆ ಬಬಲೇಶ್ವರದ ದಾರಿಯಲ್ಲಿ ಬೈಕಿನಿಂದ ಬಿದ್ದವ ಏಳಲಿಲ್ಲ. ಉಳಿದ ಏಳನ್ನು ಆಕೆ ಮಾಡಿದಳು. ಅವನು ಸತ್ತದ್ದನ್ನು ಮಾತ್ರ ಪತ್ರಿಕೆಗೆ ತಿಳಿಸಿರಲಿಲ್ಲ.

"ಪುಸ್ತಕ ಆಗಿದ್ರ ಏನೂ ಮಾಡಾಕ ಬರ್ತಿದ್ದಿಲ್ಲ. ಇದು ಇಂಟರ್ನೆಟ್ಟಿನ್ಯಾಗಿಂದು. ಹೆಸರು ಹಿಂದ ಮುಂದ ಮಾಡಾಕ ಎಷ್ಟೊತ್ತರಿ? ಶನಿವಾರದೊಳಗ ತರ್ರಿ. ಇಲ್ಲಾಂದ್ರ ಮತ್ತ ಎರಡು ವರ್ಷ. ಅಷ್ಟೊತ್ತಿಗೆ ನಾ ರಿಟೈರಾಗಿ ಮೊಮ್ಮಕ್ಕಳ ಕೈಯಾಗ ಬೈಸಿಕೊಳ್ಳಾಕತ್ತಿರ್ತೇನಿ."

ಜಲನಗರದ ಮನೆಗೆ ಬಂದು, ಚಪ್ಪಲಿ ಸಹ ಬಿಡದೆ ಅನುಜಾ ಪತ್ರಿಕೆಯ ಅರ್ಜಿ ತುಂಬಿದಳು. ಹೆಸರಿನ ಕ್ರಮ ಬದಲಿಸಲು ಪ್ರತಿಯೊಬ್ಬ ಲೇಖಕರೂ ಒಪ್ಪಬೇಕಂತೆ. ಕಳಿಸಿದ ಮರುಕ್ಷಣ ಕಪಾಟಿನೊಳಗೆ ಸುಶೀಲೇಂದ್ರನ ಫೋನು ಟಿಣ್ ಅಂತು. ಆ ಫೋನಿಗೆ ಆಕೆ ಈಗಲೂ ಚಾರ್ಜು ಹಾಕುತ್ತಾಳೆ. ಯಾಕೆಂದು ಯಾರೂ ಕೇಳಿಲ್ಲ. ಅದನ್ನು ಹೊರತೆಗೆದು ಓದಿದಳು.

ಮೆಂತೆಪಲ್ಲೆಯ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಸಖೂಬಾಯಿ ಕೈ ನಿಲ್ಲಿಸಿದರು. "ಸುಶೀಲನ ಫೋನಲ್ಲೇನು? ಏನಂತ?"

"ನನ್ನ ಹೆಸರು ಮೊದಲ ಹಾಕಲಿಕ್ಕೆ ಅವರ ಒಪ್ಪಿಗಿ ಕೇಳ್ಯಾರ್ರಿ ಅತ್ಯಾ. 'ಒಪ್ಪಿದೆ' ಅಂತ ಒತ್ತಿದ್ರ ನಾಳೆನೇ ಆಗ್ತದ. ತೀರಿಕೊಂಡಾರಂತ ಬರದ್ರ ಅವರು ವಿಚಾರಣಾ ಮಾಡ್ತಾರ. ಮೂರು ತಿಂಗಳು."

"ಶನಿವಾರ ಹೋಗ್ತದಲ್ಲ!"

"ಹೋಗ್ತದ್ರಿ."

"ಒತ್ತು ಮತ್ತ. ಅವ ನಿನಗ ಎಂದಾದ್ರೂ ಇಲ್ಲಂದಾನೇನು? ಚಹಾಕ್ಕ ಸಕ್ರಿ ಹಾಕ್ಲಿಕ್ಕೂ ನಿನ್ನ ಮಾರಿ ನೋಡ್ತಿದ್ದ."

ಅದು ನಿಜ. ಅನುಜಾ ಬೆರಳು ಇಡಹೋದಳು. ಇಡುವ ಮೊದಲು, ಹೆಸರುಗಳು ಈಗ ಹೇಗಿವೆ ನೋಡೋಣವೆಂದು ಲ್ಯಾಪ್‌ಟಾಪಿನಲ್ಲಿ ಮೊದಲ ಪಾಠ ತೆರೆದಳು. ಪರದೆಯ ಮೇಲೆ ಘೋಣಸಗಿಯ ತಿಪ್ಪವ್ವ, ಎಣ್ಣೆಯ ಉರಿಗೆ ಕಣ್ಣಲ್ಲಿ ನೀರು ಸುರಿಸುತ್ತ, ಬಳ್ಳಿಯ ಕೆಳಗೆ ಕೂತಿದ್ದಳು. ವಿಡಿಯೋ ತೆಗೆಯಲು ಒಪ್ಪಿಗೆಯ ಕಾಗದ ಅವಳ ಮುಂದಿತ್ತು. ಅವಳ ಮಗ ಹಿಂದಿನಿಂದ, "ಆಕಿಗೇನ್ ಕೇಳ್ತೀರ್ರಿ, ಹೆಬ್ಬೆಟ್ಟು ನಾ ಒತ್ತತೇನಿ ತರ್ರಿ," ಅಂದ. ಕಾಣದ ಕಡೆಯಿಂದ ಸುಶೀಲೇಂದ್ರನ ದನಿ, ತುಸು ನೆಗಡಿಯಾದದ್ದು: "ನೀ ಒತ್ತಿದ್ರ ನಿಂದಾಗ್ತದೋ ಮಾರಾಯಾ. ಆಕೀದು ಆಕಿನೇ ಕೊಡಬೇಕು. ಆಗದಿದ್ರ ಬಿಡೋಣು."

ಅನುಜಾ ಈ ಪಾಠವನ್ನು ಎಷ್ಟು ಸಲ ತಿದ್ದಿದ್ದಳೋ. ಈ ಮಾತನ್ನು ಉಳಿಸಿದ್ದವಳೂ ಅವಳೇ.

ಫೋನನ್ನು ಕಪಾಟಿನಲ್ಲಿ ಇಟ್ಟಳು. ಲ್ಯಾಪ್‌ಟಾಪಿನಲ್ಲಿ 'ಲೇಖಕರು ಮೃತರಾಗಿದ್ದಾರೆ' ಎಂಬ ಚೌಕದಲ್ಲಿ ಗುರುತು ಹಾಕಿದಳು.

"ಒತ್ತಿದಿ?"

"ಇಲ್ರಿ. ಖರೇ ಇದ್ದದ್ದು ಬರದೆ."

ಸಖೂಬಾಯಿ ಒಂದು ಹಳದಿ ಎಲೆ ಕಿತ್ತು ಬದಿಗಿಟ್ಟರು. "ಎರಡು ವರ್ಷ," ಅಂದರು. ಆಮೇಲೆ ದಂಟು ಮುರಿಯತೊಡಗಿದರು.

ಅರ್ಜಿ ಮರಣದ ದಿನಾಂಕ ಕೇಳಿತು. ಕ್ಯಾಲೆಂಡರು ಇವತ್ತಿಗೆ ತೆರೆದುಕೊಂಡಿತು. ಅಂಕಿ ಟೈಪು ಮಾಡಲು ಬಿಡಲಿಲ್ಲ, ಬಾಣದ ಗುರುತು ಒತ್ತಿ ಒಂದೊಂದೇ ತಿಂಗಳು ಹಿಂದೆ ಹೋಗಬೇಕು. ಅನುಜಾ ಒತ್ತಿದಳು. ಮತ್ತೆ ಒತ್ತಿದಳು.

"ಮುಗೀತೇನ?"

"ಇನ್ನೂ ಭಾಳ ಅದರಿ ಅತ್ಯಾ," ಅಂದಳು, ಒತ್ತುತ್ತಲೇ.