ಕಿಟಕಿಯ ಕೆಳಗಿನ ಗಾಡಿ

ಆ ಓಣಿಗೆ ಬೆಳಗಾಗುತ್ತಿದ್ದುದು ಕೋಳಿ ಕೂಗಿ ಅಲ್ಲ, ಬ್ರೆಡ್ಡಿನವನ ಪಿಕಪ್ ಕೂಗಿ. ಆರಕ್ಕೆ ಅವನು ಬೇಕರಿಯಲ್ಲಿ ಟ್ರೇ ತುಂಬಬೇಕು. ಐದಕ್ಕೇ ಗಾಡಿ ಹತ್ತುತ್ತಿದ್ದ.

ಚಳಿಯಲ್ಲಿ ಆ ಇಂಜಿನ್ ಎಬ್ಬಿಸುವುದೆಂದರೆ ಕುಂಭಕರ್ಣನನ್ನು ಎಬ್ಬಿಸಿದ ಹಾಗೆ. ಕೀಲಿ ಹಾಕಿದವನೇ ಸೆಲ್ಫ್ ಹೊಡೆಯುತ್ತಿದ್ದ. ಹತ್ತದಿದ್ದರೆ ಎಕ್ಸಲರೇಟರ್ ತುಳಿದು ಮತ್ತೆ ಹೊಡೆಯುತ್ತಿದ್ದ. ಐದನೆಯ ಸಲಕ್ಕೋ ಆರನೆಯ ಸಲಕ್ಕೋ ಅದು ಗುಡುಗಿ, ಮೊದಲು ಬಿಳಿ ಹೊಗೆ, ಆಮೇಲೆ ಕರಿ ಹೊಗೆ ಕಾರುತ್ತಿತ್ತು. ಅದನ್ನು ಹಾಗೇ ಓಡಲು ಬಿಟ್ಟು, ಒಳಗೆ ಹೋಗಿ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಚಹಾ ಕುಡಿದು ಬರುವಷ್ಟರಲ್ಲಿ ಅರ್ಧ ಗಂಟೆ. ಗಾಡಿಯ ಮೂತಿ ಬೀದಿಗೆ, ಬೆನ್ನು ಮನೆಗೆ. ಸೈಲೆನ್ಸರಿನ ಬಾಯಿ ನೇರ ಅವನ ತಾಯಿ ಮಲಗುವ ಕೋಣೆಯ ಕಿಟಕಿಗೆ.

"ಹೊರಡೋ ಹೊತ್ತಿಗೆ ಸ್ಟಾರ್ಟ್ ಮಾಡಿದ್ರೆ ಆಗಲ್ವಾ?" ಎಂದು ಹೆಂಡತಿ ಕೇಳಿದ್ದಳು.

"ಗಾಡಿ ಕಲಿಸಿದ ಗುರುಗಳು ಹೇಳಿದ್ದು, ಅರ್ಧ ಗಂಟೆ ಕಾಯಿಸದೆ ಎಳೀಬೇಡ ಅಂತ. ನೀನು ನಿನ್ನ ಒಲೆ ನೋಡ್ಕೋ."

ತಾಯಿಯ ಮೇಲೆ ಅವನಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ದಿನವೇ ಸ್ಟೀರಿಂಗ್ ಎದುರಿನ ಮೀಟರ್ ಗಾಜಿನ ಮೂಲೆಗೆ ಆಕೆಯ ಫೋಟೋ ಅಂಟಿಸಿದ್ದ. ಅದನ್ನು ನೋಡಿ ಆಕೆ ನಕ್ಕಿದ್ದಳು. "ಬದುಕಿರೋವಾಗಲೇ ಫೋಟೋ ಮಾಡಿಬಿಟ್ಟೆಯಲ್ಲೋ! ಹಾರ ಒಂದು ಬಾಕಿ."

ಆಕೆ ಇಡೀ ಓಣಿಗೆ ಕಥೆ ಹೇಳುವ ಅಜ್ಜಿ. ಸಂಜೆಯಾದರೆ ಜಗುಲಿ ತುಂಬುತ್ತಿತ್ತು. ಏಳು ಸಮುದ್ರ ದಾಟುವ ರಾಜಕುಮಾರನನ್ನು ಒಂದೇ ಉಸಿರಿಗೆ ದಾಟಿಸುತ್ತಿದ್ದಳು. ಎರಡು ವರ್ಷದಿಂದ ಆ ರಾಜಕುಮಾರ ಮೂರನೆಯ ಸಮುದ್ರದಲ್ಲೇ ನಿಲ್ಲತೊಡಗಿದ. ಕೆಮ್ಮು. ಮಾತಿನ ನಡುವೆ ಎರಡು ಸಲ ಉಸಿರು ಎಳೆದುಕೊಳ್ಳಬೇಕು. ಜಗುಲಿಯಲ್ಲಿ ಒಂದೊಂದೇ ಜಾಗ ಖಾಲಿಯಾಯಿತು.

ಆಸ್ಪತ್ರೆಗೆ ಅದೇ ಗಾಡಿಯಲ್ಲಿ ಕರೆದೊಯ್ದ. ಡಾಕ್ಟರಮ್ಮ ಎದೆಗೆ ಯಂತ್ರವಿಟ್ಟು ಕೇಳಿದರು. "ಸೌದೆ ಒಲೆಯಾ? ಮನೇಲಿ ಯಾರಾದ್ರೂ ಬೀಡಿ ಸೇದ್ತಾರಾ?"

"ಇಲ್ಲಮ್ಮ, ಗ್ಯಾಸ್ ಒಲೆ. ನಮ್ಮನೇಲಿ ಹೊಗೆ ಅನ್ನೋ ಮಾತೇ ಇಲ್ಲ" ಎಂದು ಅವನೇ ಹೇಳಿದ.

ಹೊರಗೆ ಕಾವಲುಗಾರ ಕೂಗುತ್ತಿದ್ದ. "ಯಾರದಪ್ಪಾ ಈ ಪಿಕಪ್? ಆಫ್ ಮಾಡಿ, ಹೊಗೆಯೆಲ್ಲ ವಾರ್ಡಿಗೆ ಬರ್ತಿದೆ!"

"ಆಫ್ ಮಾಡಿದ್ರೆ ಮತ್ತೆ ಹತ್ತಲ್ಲ ಅಣ್ಣಾ, ಐದೇ ನಿಮಿಷ" ಎಂದು ಇವನು ಕಿಟಕಿಯಿಂದಲೇ ಉತ್ತರ ಕೊಟ್ಟ. ಡಾಕ್ಟರಮ್ಮ ಅದನ್ನು ಕೇಳಿಸಿಕೊಂಡಿದ್ದರೆ ಕಥೆ ಅಲ್ಲೇ ತಿರುಗುತ್ತಿತ್ತೇನೋ. ಅವರು ಔಷಧಿ ಬರೆಯುತ್ತಿದ್ದರು.

ಆ ಚಳಿಗಾಲ ಮುಗಿಯುವ ಮೊದಲು ಒಂದು ಬೆಳಿಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಕುಸಿಯಿತು. ಹೆಂಡತಿಯ ಅಣ್ಣ ಡೀಸೆಲ್ ಮೆಕ್ಯಾನಿಕ್. ಕೇಬಲ್ ಹೆಗಲಿಗೆ ಹಾಕಿಕೊಂಡು, ಆಕಳಿಸುತ್ತಾ ತನ್ನ ಗಾಡಿಯಲ್ಲಿ ಬಂದ. ಬ್ಯಾಟರಿಗೆ ಬ್ಯಾಟರಿ ಜೋಡಿಸಿ, ಕೀಲಿಯನ್ನು ಅರ್ಧ ಮಾತ್ರ ತಿರುಗಿಸಿ ಸುಮ್ಮನೆ ಕುಳಿತ.

"ಹೊಡೀರಿ ಭಾವ, ಯಾಕೆ ತಪಸ್ಸಿಗೆ ಕೂತ್ರಿ?"

"ದೀಪ ಆರ್ಲಿ ಅಂತ ಕಾಯ್ತಿದೀನಿ. ಎಲ್ಲಯ್ಯಾ ಅದು?"

"ಯಾವ ದೀಪ?"

ಭಾವ ಮೀಟರಿನ ಗಾಜನ್ನು ನೋಡಿದ. ಅವನನ್ನು ನೋಡಿದ. ಫೋಟೋದ ಅಂಚಿಗೆ ಉಗುರು ಕೊಟ್ಟು ಮೆಲ್ಲಗೆ ಎಬ್ಬಿಸಿದ. ಅದರ ಹಿಂದೆ ಸುರುಳಿ ಗುರುತಿನ ಪುಟ್ಟ ಹಳದಿ ದೀಪ ಉರಿಯುತ್ತಿತ್ತು. ಎಂಟು ಎಣಿಸುವಷ್ಟರಲ್ಲಿ ಆರಿತು. ಆಮೇಲೆ ಎಕ್ಸಲರೇಟರ್ ಮುಟ್ಟದೆ ಸೆಲ್ಫ್ ಹೊಡೆದ. ಒಂದೇ ಸಲಕ್ಕೆ ಇಂಜಿನ್ ಹತ್ತಿತು.

"ಚಳಿಯಲ್ಲಿ ಡೀಸೆಲ್ ತಾನಾಗಿ ಹತ್ತಿಕೊಳ್ಳಲ್ಲ. ಒಳಗೊಂದು ಕಡ್ಡಿ ಕಾದು ಕೆಂಪಾಗ್ಬೇಕು. ಅಲ್ಲಿವರೆಗೆ ಕಾಯಿ ಅಂತ ಹೇಳೋ ದೀಪ ಇದು. ನೀನು ಅದರ ಬಾಯಿ ಮೇಲೇ ಅಮ್ಮನ್ನ ಕೂರಿಸಿದ್ದೀಯ."

"ಆಯ್ತು, ಇನ್ನು ಅರ್ಧ ಗಂಟೆ ಬಿಸಿಯಾಗ್ಲಿ."

"ಎಂತ ಅರ್ಧ ಗಂಟೆ? ಒಂದೆರಡು ನಿಮಿಷ ಸಾಕು, ಮೊದಲ ಮೈಲಿ ಮೆತ್ತಗೆ ಓಡಿಸು. ಓಡ್ತಾ ಓಡ್ತಾನೇ ಇಂಜಿನ್ ಬೇಗ ಬಿಸಿಯಾಗೋದು. ನಿಂತಲ್ಲೇ ಗುರ್ ಅಂತಿದ್ರೆ ಶಾಖ ಸಾಲಲ್ಲ, ಡೀಸೆಲ್ ಅರೆಬರೆ ಸುಡುತ್ತೆ. ಒಂದಷ್ಟು ಮಸಿ ಇಂಜಿನ್ನಿಗೆ ಕೂರುತ್ತೆ, ಮಿಕ್ಕಿದ್ದು ಹೊಗೆ."

"ಹಂಗಾದ್ರೆ ಗುರುಗಳು ಸುಳ್ಳು ಹೇಳಿದ್ರಾ?"

"ಅವರ ಕಾಲದ ಗಾಡಿಗೆ ಅವರ ಕಾಲದ ಮಾತು. ಆ ಗಾಡಿ ಗುಜರಿ ಸೇರಿ ಯಾವ ಕಾಲವಾಯ್ತೋ, ಮಾತು ಮಾತ್ರ ಇನ್ನೂ ಓಡ್ತಾ ಇದೆ."

ಇವನ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಭಾವ ಇಳಿದು ಗಾಡಿಯ ಹಿಂದಕ್ಕೆ ಹೋದ. ಕಿಟಕಿಯ ಸರಳಿನ ಮೇಲೆ ಬೆರಳು ಎಳೆದು, ಹಿಂದೆಯೇ ಬಂದ ಇವನ ಬಿಳಿ ಅಂಗಿಯ ತೋಳಿಗೆ ಒರೆಸಿದ. ಕಾಡಿಗೆಯಂಥ ಗೆರೆ. ಆಮೇಲೆ ಎರಡೂ ಗಾಡಿಗಳ ಇಂಜಿನ್ ಆರಿಸಿದ.

ಓಣಿ ಸ್ತಬ್ಧವಾಯಿತು. ಆ ಹೊತ್ತಿನಲ್ಲಿ ತನ್ನ ಮನೆ ಹೇಗೆ ಕೇಳಿಸುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಕಿಟಕಿಯೊಳಗೆ ಕೆಮ್ಮು. ನಿಲ್ಲದ ಕೆಮ್ಮು. ಬಾಯಿಗೆ ಸೆರಗು ಒತ್ತಿ ಹಿಡಿದರೂ ತಡೆಯದ ಕೆಮ್ಮು.

ಒಳಗೆ ಹೋಗಿ ಹಾಸಿಗೆಯ ಪಕ್ಕ ಕುಳಿತ. "ಮೊದಲೇ ಹೇಳಬಾರದಿತ್ತಾ ಅಮ್ಮಾ?"

"ದಿನಾ ಹೇಳ್ತಿದ್ದೆನಲ್ಲ ಮಗಾ." ಆಕೆ ಉಸಿರು ಎಳೆದುಕೊಂಡಳು. "ಗಾಡಿ ಗಲಾಟೆಗೆ... ನಿನಗೆ ಕೇಳಿಸ್ತಿರಲಿಲ್ಲ."

ತಾಯಿಯನ್ನು ಮತ್ತೆ ಆಸ್ಪತ್ರೆಗೆ ಕರೆದೊಯ್ದ. ಈ ಸಲ ಡಾಕ್ಟರಮ್ಮನಿಗೆ ಅವನು ನಿಜ ಹೇಳಿದ. ಅವರು, "ಹೊಗೆ ತಪ್ಪಿದ್ರೆ ಇನ್ನಷ್ಟು ಕೆಡೋದನ್ನ ತಡೀಬಹುದು. ಕೆಟ್ಟಿರೋದು ವಾಪಸ್ ಬರಲ್ಲ" ಎಂದರು.

ಈಗ ಗಾಡಿ ಓಣಿಯ ತುದಿಯ ಬಯಲಲ್ಲಿ ನಿಲ್ಲುತ್ತದೆ. ಸ್ನಾನ, ಪೂಜೆ, ಚಹಾ ಮುಗಿದ ಮೇಲೆಯೇ ಅವನು ಕೀಲಿ ಹಾಕುತ್ತಾನೆ. ದೀಪ ಆರುವ ತನಕ ಕಾಯುತ್ತಾನೆ. ಅಂಗಡಿಗಳ ಮುಂದೆ ಟ್ರೇ ಇಳಿಸುವಾಗ ಇಂಜಿನ್ ಆರಿಸುತ್ತಾನೆ. ಫೋಟೋವನ್ನು ಗಾಡಿಯಲ್ಲಿ ಬೇರೆ ಕಡೆ ಅಂಟಿಸುತ್ತೇನೆಂದು ಮನೆಯಿಂದ ಎತ್ತಿಕೊಂಡು ಹೊರಟಾಗ ತಾಯಿ ಕೈ ಹಿಡಿದಳು. "ಬೇಡ. ನನ್ನ ಮುಖ ನೋಡ್ಬೇಕು ಅನ್ಸಿದ್ರೆ ಒಳಗೆ ಬಾ. ಇನ್ನೂ ಇದ್ದೀನಿ." ಸಂಜೆ ಅವನು ಜಗುಲಿಯಲ್ಲಿ ಆಕೆಯ ಪಕ್ಕ ಕೂರುತ್ತಾನೆ. ರಾಜಕುಮಾರ ಇಂದಿಗೂ ಮೂರನೆಯ ಸಮುದ್ರ ದಾಟಿಲ್ಲ.

ಗಾಡಿ ಓಡಿಸುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಉಸಿರು ಕೊಡುವವನು ಭಗವಂತ. ಒಮ್ಮೆ ಕೆಡಿಸಿದರೆ ರಿಪೇರಿ ಮಾಡುವ ಗ್ಯಾರೇಜು ಅವನೂ ಇಟ್ಟಿಲ್ಲ. ನಾಳೆ ಬೆಳಿಗ್ಗೆ ಕೀಲಿ ಅರ್ಧ ತಿರುಗಿಸಿ ಸುರುಳಿ ದೀಪ ಆರಲು ಬಿಡಿ. ಹತ್ತದಿದ್ದರೆ ಬಿಡದೆ ಸೆಲ್ಫ್ ಹೊಡೆಯಬೇಡಿ, ಅರ್ಧ ನಿಮಿಷ ಬಿಟ್ಟು ಪ್ರಯತ್ನಿಸಿ. ಪದೇ ಪದೇ ಹೀಗಾದರೆ ಮೆಕ್ಯಾನಿಕ್‌ಗೆ ತೋರಿಸಿ. ಹತ್ತಿದ ಮೇಲೆ ಒಂದೆರಡು ನಿಮಿಷದಲ್ಲೇ ಮೆತ್ತಗೆ ಹೊರಟುಬಿಡಿ. ಮುಚ್ಚಿದ ಶೆಡ್ಡಿನಲ್ಲಿ, ಯಾರದೇ ಕಿಟಕಿಯ ಕೆಳಗೆ ಇಂಜಿನ್ ಓಡಲು ಬಿಡಬೇಡಿ. ಎಲ್ಲೇ ಗಾಡಿ ನಿಲ್ಲಿಸಿದರೂ ಆರಿಸಿ, ಒಂದು ಗಳಿಗೆ ಕಿವಿಗೊಡಿ. ನಿಮ್ಮ ಇಂಜಿನ್ ಸದ್ದಿನಡಿ ಯಾರು ಕೆಮ್ಮುತ್ತಿದ್ದಾರೆಂದು ಆಗ ಕೇಳಿಸುತ್ತದೆ.