ಜೇನುಮೇಣದ ಮೂಗು

ಬಿಸಿಲು ಈಗ ಬೆಂಚಿನ ಕಾಲಿಗೆ ಬಂದಿದೆ, ಇನ್ನು ಸ್ವಲ್ಪ ಹೊತ್ತಿಗೆ ಮೇಲೆ ಹತ್ತುತ್ತದೆ, ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಮುಟ್ಟುತ್ತದೆ, ಮುಚ್ಚಳದಲ್ಲಿ ಮಲಗಿರುವ ಆ ಮೂಗನ್ನೂ — ಎಷ್ಟು ದೊಡ್ಡ ಮೂಗು, ಗಿಣಿಯ ಕೊಕ್ಕಿನ ಹಾಗೆ ಬಾಗಿಸಿದ್ದಾನೆ ದೇರಪ್ಪ, ಜೇನುಮೇಣ ಕಾಯಿಸಿ, ಚೂರು ಕುಂಕುಮ ಬೆರೆಸಿ, ಎಸ್ಟೇಟಿನ ಲಾರಿ ಓಡಿಸುವ ಕೈಗೆ ಇಷ್ಟು ನಯ ಎಲ್ಲಿಂದ ಬಂತೋ, ನಾಳೆ ಈ ಸಿದ್ದಾಪುರದ ಶಾಲೆಯ ಹಾಲಿನಲ್ಲಿ ಅದನ್ನು ಅಂಟಿಸಿಕೊಂಡು ಅವನು ನಾಟಕದ ಯಹೂದಿ ಮುದುಕನಾಗುತ್ತಾನೆ, ಹೊಸ ಹೆರಿಗೆ ವಾರ್ಡು ತೆರೆಯುವ ಸಂತೋಷಕ್ಕೆ ನಾಟಕ, ಮುಂದಿನ ಸಾಲಿನ ನಡುವಿನ ಕುರ್ಚಿ ನರ್ಸ್ ಸಾರಮ್ಮನದು, ಅದಕ್ಕೆ ಯಾರೂ ಬೇರೆ ಹೆಸರು ಹೇಳಲಿಲ್ಲ, ಅವಳ ಕೈಗೆ ಬೀಳದೆ ಹುಟ್ಟಿದ ಮಕ್ಕಳು ಈ ಊರಲ್ಲಿ ಯಾರಿದ್ದಾರೆ — ಅವಳೂ ಯಹೂದಿ ಅಂತ ಇವರಿಗೆ ಗೊತ್ತಿರಲಿಲ್ಲ, ಗೊತ್ತಾಗುವುದಾದರೂ ಹೇಗೆ, ಬಿಳಿ ಸೀರೆ, ಮಲಯಾಳ ಮಾತು, ನಮ್ಮ ಪಳ್ಳಿ ಕೊಚ್ಚಿಯಲ್ಲಿ ಅನ್ನುತ್ತಾಳೆ, ಮಲಯಾಳದಲ್ಲಿ ಇಗರ್ಜಿಯೂ ಪಳ್ಳಿಯೇ, ಮಸೀದಿಯೂ ಪಳ್ಳಿಯೇ, ಕ್ರೈಸ್ತರು ತಮ್ಮವಳು ಅಂದುಕೊಂಡರು, ಮಾಪಿಳ್ಳೆಗಳು ತಮ್ಮವಳು ಅಂದುಕೊಂಡರು, ಅವಳು ಇಬ್ಬರ ಹಬ್ಬಕ್ಕೂ ಹೋಗಿ ಕೂತು ಬಂದಳು, ಶುಕ್ರವಾರ ಸಂಜೆ ಮಾತ್ರ ಕ್ವಾರ್ಟರ್ಸಿನ ಒಳಕೋಣೆಯಲ್ಲಿ ಎಣ್ಣೆದೀಪ, ಜ್ವರದ ಗುಳಿಗೆ ಕೇಳಲು ಹೋದ ದಿನ ಕಂಡೆ, ಆಗ ಹೇಳಿದಳು, ನಾವು ಜೂದರು ಯಮುನಕ್ಕ, ತಮ್ಮ ತಂಗಿಯರೆಲ್ಲ ಹಡಗು ಹತ್ತಿ ನಮ್ಮವರ ಹೊಸ ದೇಶಕ್ಕೆ ಹೋದರು, ನೀನ್ಯಾಕೆ ಹೋಗಲಿಲ್ಲ ಅಂದೆ, ಆ ವಾರವೇ ಕೂಲಿ ಲೈನಿನ ಚೋಮಿಗೆ ಹೆರಿಗೆ ನೋವು ಶುರುವಾಗಿತ್ತಲ್ಲ ಅಕ್ಕ, ಎಂದು ನಕ್ಕಳು.

ಹಳೆಯ ಇಂಗ್ಲಿಷ್ ನಾಟಕ, ನಾನೇ ಆರಿಸಿದ್ದು, ಮದರಾಸಿನ ಕಾಲೇಜಿನಲ್ಲಿ ಓದಿದ್ದು, ಹಳೇ ಬಟ್ಟೆ ಮಾರುವ ಯಹೂದಿ, ಜಿಪುಣ, ಮೋಸಗಾರ, ಅವನನ್ನು ನೋಡಿ ನಗಲಿ ಅಂತಲೇ ಬರೆದದ್ದು, ಆದರೆ ಕೊನೆಗೆ ಊರವರು ಮನೆ ದೋಚಿ ಹೋದ ಮೇಲೆ ಅವನು ಸತ್ತ ಮಗಳ ಚಪ್ಪಲಿ ಎತ್ತಿಕೊಂಡು ಸುಮ್ಮನೆ ನಿಲ್ಲುತ್ತಾನೆ, ಬರೆದವನಿಗೇ ತಿಳಿಯದೆ ಬಂದುಬಿಟ್ಟಿರಬೇಕು ಆ ಚಪ್ಪಲಿ, ತರಗತಿಯಲ್ಲಿ ನನಗೆ ಅಳು ತಡೆಯಲಾಗಲಿಲ್ಲ, ಪಕ್ಕದಲ್ಲಿದ್ದ ಹುಡುಗಿ ನನ್ನ ಕಡೆ ತಿರುಗದೆಯೇ ಕರ್ಚೀಫು ಸರಿಸಿದಳು, ಈಗ ಅವಳ ಹೆಸರು ಮರೆತಿದೆ, ಕರ್ಚೀಫಿನ ನೀಲಿ ಅಂಚು ಮರೆತಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೆಳ್ಯಪ್ಪ, ನನ್ನ ಹಳೇ ಶಿಷ್ಯ, ಕನ್ನಡಕ್ಕೆ ತಂದ, ಯಹೂದಿ ಅಂದರೆ ಇಲ್ಲಿ ಯಾರಿಗೆ ತಿಳಿಯುತ್ತದೆ ಅಂತ ಮಲಯಾಳದ ಹಾಗೆ ಜೂದ ಎಂದು ಬರೆದ, ದೇರಪ್ಪನಿಗೆ ಅದು ಜೂಜು ಅಂತ ಕೇಳಿಸಿತು, ಮೊದಲ ದಿನವೇ ಕೈಯಲ್ಲಿ ಕವಡೆ ಕುಲುಕುತ್ತಾ ಬಂದ, ಎಲ್ಲರೂ ಬಿದ್ದು ಬಿದ್ದು ನಕ್ಕರು, ಇರಲಿ ಬಿಡಿ ಟೀಚರಮ್ಮ, ಜನಕ್ಕೆ ಖುಷಿಯಾಗ್ತದೆ ಅಂದರು, ಆಮೇಲೆ ಈ ಮೂಗು, ಮೂಗು ಬಂದ ಮೇಲೆ ಅವನು ಚಪ್ಪಲಿ ಎತ್ತಿಕೊಂಡಾಗಲೂ ಕಿಟಕಿಯಲ್ಲಿ ನಿಂತ ಕಾಫಿ ಪಿಕ್ಕಿಂಗಿನ ಹೆಂಗಸರು ನಕ್ಕರು, ನಗಬೇಡಿ ಅನ್ನಲಾಗುತ್ತದೆಯೇ, ಅಂಥ ಮೂಗಿನ ಕೆಳಗೆ ಅಳು ಯಾರಿಗೆ ಕಾಣುತ್ತದೆ — ಇವತ್ತು ಊಟ ಮುಗಿದ ಹೊತ್ತಿಗೆ ಅಂಟು ಉರಿದು ಅವನ ಮುಖ ಕೆಂಪಾಯಿತು, ಕಿತ್ತರೆ ಚರ್ಮ ಬರುತ್ತದೆ, ಸಾರಮ್ಮನಿಗೆ ಹೇಳಿಕಳಿಸಿದರು, ಆಸ್ಪತ್ರೆಯಿಂದ ಹಾಗೇ ಬಂದಳು, ತೆಂಗಿನೆಣ್ಣೆಯಲ್ಲಿ ಅದ್ದಿದ ಹತ್ತಿ, ಅಲುಗಬೇಡ ಮೋನೇ, ಅವಳಿಗೆ ಎಲ್ಲರೂ ಮಗನೇ, ಎಂಥ ವೇಷ ಇದು ಅಂದಳು, ನಾನು ಜೂದ ಅಲ್ವಾ ಸಾರಮ್ಮ ಅಂದ ದೇರಪ್ಪ, ಕವಡೆ ನೋಡಿ, ಜೂಜುಕೋರ, ಪೋಕರಿ ಮುದುಕ, ಜೂದ ಅಂದ್ರೆ ಜೂಜಲ್ಲ ಮೋನೇ, ನಾನು ಜೂದರವಳು. ಅಷ್ಟೇ. ಕವಡೆ ನೆಲಕ್ಕೆ ಬಿದ್ದವು, ಅವಳ ಕೈ ನಿಲ್ಲಲಿಲ್ಲ, ಹೆಬ್ಬೆರಳು ಒತ್ತಿ ಒತ್ತಿ ಮೂಗಿನ ಅಂಚು ಬಿಡಿಸಿದಳು, ಮಗುವಿನ ತಲೆಯನ್ನು ಬೆಳಕಿಗೆ ತರುವ ಕೈ ಅದು, ಮೂಗನ್ನು ಮುಚ್ಚಳದಲ್ಲಿ ಮಲಗಿಸಿ ಅವನ ಮುಖಕ್ಕೆ ಬಿಳಿ ಮುಲಾಮು ಸವರಿದಳು, ನಾಳೆ ಬರ್ತೇನೆ ಅಕ್ಕ, ಮುಂದೆಯೇ ಕೂರಿಸಿ, ಕಣ್ಣು ಸ್ವಲ್ಪ ಮಂಜು, ಅಂದು ಹೋದಳು.

ಆಗಿನಿಂದ ಜಗಳ, ನಿಲ್ಲಿಸಿಬಿಡಿ ಅನ್ನುತ್ತಾರೆ ಪ್ಲಾಂಟರ್ ಪೂವಯ್ಯ, ನನ್ನ ಸೊಸೆಯ ಜೀವ ಉಳಿಸಿದ ಹೆಂಗಸು ಅದು, ನಾನೇ ಪೋಲೀಸಿಗೆ ಅರ್ಜಿ ಕೊಟ್ಟು ಪರ್ಮಿಶನ್ ರದ್ದು ಮಾಡಿಸ್ತೇನೆ, ಗದರುವ ದನಿ, ಕಣ್ಣಲ್ಲಿ ನೀರು, ಕೊಡಿ ಕೊಡಿ ಅನ್ನುತ್ತಾನೆ ಬೆಳ್ಯಪ್ಪ, ಮೊನ್ನೆ ಮೊನ್ನೆ ಕೊಡಗನ್ನ ಮೈಸೂರಿಗೆ ಸೇರಿಸಿಯಾಯ್ತು, ಈಗ ನಮ್ಮ ನಾಟಕಕ್ಕೂ ಅವರದೇ ಕತ್ತರಿ ತನ್ನಿ, ದೊಡ್ಡವರು ಬರೆದದ್ದು ಸ್ವಾಮಿ, ಒಂದು ಸಾಲು ನಾನು ಬಿಡೋದಿಲ್ಲ, ಟೀಚರಮ್ಮ ಹೇಳಲಿ, ಹೌದು ಟೀಚರಮ್ಮನೇ ಹೇಳಲಿ — ಏನು ಹೇಳಲಿ, ನಿಲ್ಲಿಸಿದರೆ ಚಪ್ಪಲಿಯೂ ಹೋಯಿತು, ನಿನಗಾಗಿ ನಿಲ್ಲಿಸಿದೆವು ಅಂದರೆ ನಾಳೆಯಿಂದ ಅವಳು ಊರಿಗೆ ಹೊರಗಿನವಳು, ಹಡಗು ಹತ್ತದೆ ಇಲ್ಲೇ ಉಳಿದವಳು, ಹಾಗೇ ನಡೆಸಿದರೆ ಆ ನಗು, ಮುಂದಿನ ಸಾಲಿನಲ್ಲಿ ಅವಳು, ಹಿಂದಿನಿಂದ ಅವಳೇ ಹೆರಿಗೆ ಮಾಡಿಸಿದ ಮಕ್ಕಳ ನಗು, ಮಂಜುಗಣ್ಣಿಗೆ ಕಾಣದಿದ್ದರೂ ಕಿವಿ ಚೆನ್ನಾಗಿದೆಯಲ್ಲ, ಬಿಸಿಲು ಬೆಂಚು ಹತ್ತಿತು — ಅಲ್ಲಿ ದೇರಪ್ಪ, ಯಾರೂ ಕರೆಯದೆ ರಂಗಕ್ಕೆ ಹೋಗಿದ್ದಾನೆ, ಕೈಯಲ್ಲಿ ಕವಡೆ ಇಲ್ಲ, ತನ್ನದೇ ಸಣ್ಣ ಮೂಗು, ಅದರ ಮೇಲೆ ಮುಲಾಮು, ಬಗ್ಗಿ ಚಪ್ಪಲಿ ಎತ್ತಿಕೊಂಡ, ನಿಂತ, ಕಿಟಕಿಯಲ್ಲಿ ನಗು ಇಲ್ಲ, ಅಲ್ಲಿ ನಿಂತ ಲೈನಿನ ಚಿಕ್ಕಿ ಯಾರಿಗೂ ಅಲ್ಲದ ಹಾಗೆ ಅಯ್ಯೋ ಪಾಪ ಅಂದಳು, ನಾಟಕ ಆಗಲಿ ಅಂದೆ, ನನ್ನದೇ ದನಿ, ಪೂವಯ್ಯ ತಿರುಗಿದರು, ಬೆಳ್ಯಪ್ಪ ಬೆಂಚಿಗೆ ಬಗ್ಗಿದ, ಮೂಗು ಎಲ್ಲಿ ಟೀಚರಮ್ಮ, ಇಲ್ಲೇ ಇತ್ತಲ್ಲ, ಮುಚ್ಚಳದಲ್ಲಿ ಬಿಸಿಲು ಮಾತ್ರ, ಸೆರಗಿನೊಳಗೆ ನನ್ನ ಮುಷ್ಟಿ, ಮುಷ್ಟಿಯೊಳಗೆ ಅದು, ಬೆಚ್ಚಗೆ, ಮೆತ್ತಗೆ, ಸಾರಮ್ಮನ ಹೆಬ್ಬೆರಳು ಒತ್ತಿದ ಗುಳಿಯಲ್ಲಿ ನನ್ನ ಹೆಬ್ಬೆರಳು, ಇನ್ನೂ ಸ್ವಲ್ಪ ಒತ್ತು, ಮೂಗು, ಮೇಣ, ಮೇಣ