ಹಬ್ಬ ಬಂದರೂ ಗಟ್ಟಿಯಾಗದ ಸರೋವರ

ಕಾಲು ಬೆಚ್ಚಗಿರಲೆಂದು ಚರ್ಮದ ಬೂಟಿನೊಳಗೆ ತುಂಬುವ ಒಣಹುಲ್ಲಿನ ವಾಸನೆ ಎಂದರೆ ಚಿಕ್ಕಂದಿನಲ್ಲಿ ರಿಸ್ತೆನ್‌ಗೆ ಹಬ್ಬದ ವಾಸನೆ. ಅಪ್ಪ ಒಲೆಯ ಪಕ್ಕ ಕೂತು ಹುಲ್ಲನ್ನು ಬೆಚ್ಚಗೆ ಮಾಡಿ ತಿಕ್ಕಿದರೆಂದರೆ ಅಂದು ನವೆಂಬರ್ ಕೊನೆಯ ಸಂತ ಆಂಡ್ರೆಯ ದಿನ. ಹೆಪ್ಪುಗಟ್ಟಿದ ಇನಾರಿ ಸರೋವರ ದಾಟಿ ನೆಂಟರ ಮನೆಗೆ ಹೋಗುವ ದಿನ.

ಈಗ ಆ ವಾಸನೆ ಬಂದರೆ ಅವಳ ಎದೆ ಕುಸಿಯುತ್ತದೆ. ಹೋದ ವರ್ಷ ಅದೇ ದಿನ ಗಂಡ ಯೋವ್ನನ ಬೂಟಿಗೆ ಹುಲ್ಲು ತುಂಬಿಕೊಟ್ಟವಳು ಅವಳೇ. ಸರೋವರ ಕಿರಿದಾಗಿ ನೀರು ಸೆಳೆಯುವ ಕಡೆ ಮಂಜುಗಡ್ಡೆ ತೆಳುವಾಗಿ ಕಪ್ಪಗಿದ್ದುದನ್ನು ಬೆಳಿಗ್ಗೆಯೇ ನೋಡಿದ್ದಳು. ಅಂಜುಬುರುಕಿ ಎಂದು ಮಾವ ನಕ್ಕಾರೆಂದು ಬಾಯಿ ಬಿಡಲಿಲ್ಲ. ಸರೋವರ ದಾಟಲು ಹೊರಟ ಯೋವ್ನ ಮರಳಿ ಬರಲಿಲ್ಲ.

ಈ ವರ್ಷವೂ ಆಂಡ್ರೆಯ ದಿನ ಬಂತು. ಸರೋವರದಾಚೆಯ ತಮ್ಮ ಮಗಳಿಗೆಂದು ಹಿಮಸಾರಂಗದ ಮಾಂಸದ ಗಂಟು ಕಟ್ಟಿಟ್ಟು, ಮಾವ ಆಸ್ಲಕ್ ಬೂಟಿಗೆ ಹುಲ್ಲು ತುಂಬುತ್ತ ಕೂತಿದ್ದರು.

"ಮಾವ, ಈ ಸಲ ಬೇಡ," ಎಂದಳು ರಿಸ್ತೆನ್.

"ಯೋವ್ನಂದು ಕೆಟ್ಟ ಗಳಿಗೆ ಕಣಮ್ಮ. ನಮ್ಮಪ್ಪ, ನಮ್ಮಜ್ಜ ಎಲ್ರೂ ಇವತ್ತಿನ ದಿನವೇ ದಾಟಿದೋರು. ಸರೋವರಕ್ಕೆ ಹಬ್ಬ ಗೊತ್ತು."

"ಸರೋವರಕ್ಕೆ ಗೊತ್ತಿರಬಹುದು ದೊಡ್ಡಪ್ಪ, ಚಳಿಗೇ ಮರೆತುಹೋಗಿದೆ," ಎಂದು ಬಾಗಿಲಲ್ಲಿ ಹಿಮ ಕೊಡವುತ್ತ ನೆರೆಮನೆಯ ಮಾರೆತ್ ಒಳಗೆ ಬಂದಳು. ಊರಿನ ರಕ್ಷಣಾ ತಂಡದವಳು. ಹೆಗಲ ಮೇಲೆ ಮಂಜುಗಡ್ಡೆ ಕೊರೆಯುವ ಬೈರಿಗೆ. "ಮೊನ್ನೆವರೆಗೂ ಮಳೆ ಬಿತ್ತಲ್ಲ?"

"ನಿನ್ನೆ ಹುಟ್ಟಿದೋಳು ನನಗೇ ಪಾಠ ಹೇಳ್ತೀಯಾ? ಮೇಲೆಲ್ಲ ಬೆಳ್ಳಗೆ ಹಿಮ ಕೂತಿದೆ, ಕಾಣಲ್ವಾ?"

"ಹಿಮ ಅಂದ್ರೆ ಕಂಬಳಿ. ಹೊದ್ದಿಸಿದ್ರೆ ಕೆಳಗೆ ಹೆಪ್ಪುಗಟ್ಟೋದು ಇನ್ನೂ ನಿಧಾನ. ನನ್ನ ಮಾತು ಬಿಡಿ, ಬನ್ನಿ, ಸರೋವರವನ್ನೇ ಕೇಳೋಣ."

ದಡದ ಅಂಚಿನಲ್ಲಿ ಮಾರೆತ್ ಬೈರಿಗೆ ಊರಿದಳು. ಎರಡು ಸುತ್ತು ತಿರುಗಿಸುವಷ್ಟರಲ್ಲಿ ನೀರು ಬುಳಬುಳನೆ ಉಕ್ಕಿತು.

"ನಡೆಯೋರಿಗೆ ಅಂಗೈ ಅಗಲದಷ್ಟು ದಪ್ಪದ ಗಟ್ಟಿ ಗಡ್ಡೆ ಬೇಕು ದೊಡ್ಡಪ್ಪ. ಇದು ಎರಡು ಬೆರಳೂ ಇಲ್ಲ. ದಡದಲ್ಲೇ ಹೀಗಿದ್ರೆ, ನೀರು ಸೆಳೆಯೋ ಕಡೆ?"

ಮುದುಕರು ಆ ತೂತನ್ನೇ ನೋಡುತ್ತ ನಿಂತರು. "ಕೊರೆದು ನೋಡೋದು ಇಷ್ಟೇ ಕೆಲಸವಾ? ಅವತ್ತು ತಡ ಮಾಡ್ಬೇಡ ಅಂತ ಯೋವ್ನನನ್ನ ಬೈದು ಕಳಿಸಿದೆನಲ್ಲೇ ರಿಸ್ತೆನ್."

"ನಾನು ನೋಡಿಯೂ ಹೇಳಲಿಲ್ಲ ಮಾವ."

ಮಾರೆತ್ ತನ್ನ ಉಣ್ಣೆಯ ಕೈಗವಸು ಬಿಚ್ಚಿ, ಆ ಮುದಿ ಕೈಗಳಿಗೆ ತೊಡಿಸಿದಳು.

ಮನೆಗೆ ಬಂದು ಮಾವ ಮಗಳಿಗೆ ಫೋನ್ ಮಾಡಿದರು: "ಗಡ್ಡೆ ಗಟ್ಟಿಯಾದ ಮೇಲೆ ಬರ್ತೀನಮ್ಮ." ಆಚೆಯಿಂದ ಅಳು ಕೇಳಿಸಿತು. "ಯಾವಾಗಾದ್ರೂ ಬಾ ಅಪ್ಪ. ನೀನಿದ್ರೆ ಸಾಕು."

ಸರೋವರದ ದಡದಲ್ಲಿ ಬಾಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಚಳಿ ಈಗ ನಮ್ಮ ಹಬ್ಬದ ದಿನ ನೋಡಿಕೊಂಡು ಬರುವುದಿಲ್ಲ. ಕಾಲಿಡುವ ಮುಂಚೆ ಕೊರೆದು ನೋಡಿ. ಮುಂದೆ ಹೋದಂತೆ ಮತ್ತೆ ಮತ್ತೆ ಕೊರೆಯಿರಿ. ನೀರು ಸೆಳೆಯುವ ಕಡೆ ಹೋಗಲೇಬೇಡಿ. ಒಬ್ಬರೇ ಹೊರಡಬೇಡಿ. ಮನಸ್ಸಿಗೆ ಅನುಮಾನ ಬಂದರೆ ಬಾಯಿ ಬಿಟ್ಟು ಹೇಳಿ. ನಗುವವರು ನಗಲಿ, ಮನೆಯವರು ಉಳಿಯಲಿ.

ಆ ಮಧ್ಯಾಹ್ನ ಆಸ್ಲಕ್ ಗಂಟು ಬಿಚ್ಚಿ ತಾವೇ ಮಾಂಸ ಬೇಯಿಸಿದರು. ಮಜ್ಜೆ ತುಂಬಿದ ಎಲುಬು ಆ ಮನೆಯಲ್ಲಿ ಯಾವಾಗಲೂ ಯೋವ್ನನ ಪಾಲು. ಅದನ್ನು ಬಟ್ಟಲಿಗೆ ಹಾಕಿ, ಮೇಲೆ ಬಿಸಿ ಸಾರು ಸುರಿದು, ಸೊಸೆಯ ಕೈಗೆ ಕೊಟ್ಟರು.